ಬೆನ್ನಿನ ನಿಲುವು ಮತ್ತು ರಾತ್ರಿಯ ನಿದ್ದೆ
(ಕೊಯ್ಲಿಗೆ ಮುಂಚೆ ಬೆಳೆಗಾರರು ತಿಳಿದಿರಬೇಕಾದ ಕೆಲವು ವಿಷಯಗಳು)



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ, ಧಾರಣೆಯ ಏರಿಳಿತ ಮುಂತಾದವುಗಳ ಕುರಿತು ಈ ಪತ್ರಿಕೆಯಲ್ಲಿ ಆಗಾಗ ಬರೆಯುತ್ತಲೇ ಇದ್ದೇವೆ. ಈ ಸಲ ಗಿಡದ ವಿಷಯವನ್ನು ಬದಿಗಿಟ್ಟು, ಗಿಡ ನೋಡಿಕೊಳ್ಳುವವರ ಬೆನ್ನಿನ ವಿಷಯ ಬರೆಯುತ್ತಿದ್ದೇನೆ. ಕೊಯ್ಲಿನ ತಿಂಗಳುಗಳಲ್ಲಿ ಸಂಘದ ಕಚೇರಿಗೆ ಬಂದವರನ್ನು ಆರೋಗ್ಯ ವಿಚಾರಿಸಿದರೆ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: ನಡು ಹಿಡಿದಿದೆ, ರಾತ್ರಿ ನಿದ್ದೆಯಿಲ್ಲ. ಹೇಳುವವರು ಇದನ್ನು ಎರಡು ತೊಂದರೆಗಳೆಂದು ಹೇಳುತ್ತಾರೆ. ವಾಸ್ತವವಾಗಿ ಅನೇಕರಲ್ಲಿ ಇವೆರಡೂ ಒಂದೇ ಹಗ್ಗದ ಎರಡು ತುದಿಗಳು. ಹಗಲು ಬೆನ್ನನ್ನು ಹೇಗೆ ದುಡಿಸುತ್ತೇವೋ ರಾತ್ರಿಯ ನಿದ್ದೆ ಹಾಗೆ. ರಾತ್ರಿ ಬೆನ್ನನ್ನು ಹೇಗೆ ಮಲಗಿಸುತ್ತೇವೋ ಮರುದಿನದ ದುಡಿಮೆ ಹಾಗೆ. ಈ ಲೇಖನದ ಸಾರವೇ ಇದು.

ಬೆನ್ನುಮೂಳೆಯ ರಚನೆ

ಬೆನ್ನೆಲುಬು ಒಂದೇ ಕೋಲಿನಂತಹ ಮೂಳೆಯಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ನಡುವಿನಲ್ಲಿ 5, ಹೀಗೆ ಒಟ್ಟು 24 ಬಿಡಿ ಮಣಿಗಳು ಒಂದರ ಮೇಲೊಂದು ಕೂತಿವೆ. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ ಇವೆ. ಪಕ್ಕದಿಂದ ನೋಡಿದರೆ ಈ ಸಾಲು ನೆಟ್ಟಗಿರುವುದಿಲ್ಲ. ಕುತ್ತಿಗೆ ಮತ್ತು ನಡುವಿನಲ್ಲಿ ಒಳಕ್ಕೂ ಎದೆಯ ಹಿಂದೆ ಹೊರಕ್ಕೂ ಬಾಗಿರುತ್ತದೆ. ಈ ಬಾಗುಗಳಿರುವುದರಿಂದಲೇ ಬೆನ್ನು ಭಾರವನ್ನು ತಾಳಿಕೊಳ್ಳುತ್ತದೆ. 'ಬೆನ್ನು ನೆಟ್ಟಗಿಡಿ' ಎಂದಾಗ ಈ ಸಹಜ ಬಾಗುಗಳನ್ನು ಕೆಡಿಸದೆ ಇಡಿ ಎಂದು ತಿಳಿಯತಕ್ಕದ್ದು.

ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಡಾಕ್ಟರರು ಡಿಸ್ಕ್ ಎನ್ನುವುದು ಇವನ್ನೇ. ಬೆಳೆದ ಮನುಷ್ಯನಲ್ಲಿ ಡಿಸ್ಕಿನ ಒಳಭಾಗಕ್ಕೆ ನೇರ ರಕ್ತನಾಳವಿಲ್ಲ. ಸುತ್ತಲಿನಿಂದ ಒಸರುವ ನೀರು ಮತ್ತು ಪೋಷಕಾಂಶಗಳೇ ಅದಕ್ಕೆ ಆಹಾರ. ಹಗಲು ದೇಹದ ಭಾರ ಬಿದ್ದಾಗ ನೀರು ಹಿಂಡಿ ಹೊರಬರುತ್ತದೆ. ರಾತ್ರಿ ಮಲಗಿ ಭಾರ ಇಳಿದಾಗ ಮರಳಿ ಹೀರಿಕೊಳ್ಳುತ್ತದೆ. ಇದರಿಂದಾಗಿ ನಾವು ಬೆಳಗ್ಗೆ ಏಳುವಾಗ ಸಂಜೆಗಿಂತ ಎತ್ತರವಾಗಿರುತ್ತೇವೆ. ವ್ಯತ್ಯಾಸ ಎತ್ತರದ ನೂರಕ್ಕೆ ಒಂದರಷ್ಟು, ಅಂದರೆ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಭೂಮಿಯ ಸೆಳೆತದ ಭಾರವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ನೂರಕ್ಕೆ ಮೂರರಷ್ಟು ಎತ್ತರವಾಗುವುದಕ್ಕೂ ಬೆನ್ನಿನ ಮೇಲಿನ ಭಾರ ಇಳಿಯುವುದೇ ಕಾರಣ. ಆದುದರಿಂದ ಡಿಸ್ಕಿಗೆ ರಾತ್ರಿಯೇ ನೀರಾವರಿಯ ಸಮಯ. ಆ ಸಮಯ ಕಡಿತವಾದರೆ ಬೆನ್ನಿಗೂ ಬರಗಾಲವೇ.

ಭಂಗಿಯಿಂದ ಭಂಗಿಗೆ ಒತ್ತಡ ಎಷ್ಟು?

ಸ್ವೀಡನ್ ದೇಶದ ಮೂಳೆ ವೈದ್ಯ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿನೊಳಗೆ ಸೂಜಿ ತೂರಿಸಿ ಒತ್ತಡವನ್ನು ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದು ಇಟ್ಟುಕೊಂಡರೆ ಅಂಗಾತ ಮಲಗಿದಾಗ ಅದು ಸುಮಾರು 25ಕ್ಕೆ ಇಳಿಯುತ್ತದೆ. ಮುಂದಕ್ಕೆ ಬಾಗಿ ಕುಳಿತಾಗ ಸುಮಾರು 185ಕ್ಕೆ ಏರುತ್ತದೆ. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನಲ್ಲಿ ಮತ್ತೆ ಅಳೆದು ನೋಡಿದರು. ನೆಟ್ಟಗೆ ಕೂರುವ ವಿಷಯದಲ್ಲಿ ಎರಡು ಅಳತೆಗಳಿಗೂ ವ್ಯತ್ಯಾಸ ಬಂತು. ಆದರೆ ಬಾಗಿ ಕುಳಿತರೆ ಒತ್ತಡ ಹೆಚ್ಚು, ಮಲಗಿದರೆ ಅತಿ ಕಡಿಮೆ ಎಂಬುದು ಎರಡರಲ್ಲೂ ಒಂದೇ. 20 ಕಿಲೋ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ ನಿಂತಾಗಿನ ನಾಲ್ಕೂವರೆ ಪಟ್ಟು ಒತ್ತಡ ಬಿತ್ತು. ಅದೇ ಭಾರವನ್ನು ಮಂಡಿ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿದಾಗ ಅದು ಸುಮಾರು ಮೂರೂವರೆ ಪಟ್ಟಿಗೆ ಇಳಿಯಿತು.

ಇಳಕಲ್ಲಿನ ಮಗ್ಗದಿಂದ ಕಲಿಯುವ ಪಾಠ

ಈ ಅಂಕಿಗಳು ದುಡಿಮೆಯ ಬದುಕಿನಲ್ಲಿ ಹೇಗೆ ಕಾಣುತ್ತವೆ ಎಂಬುದನ್ನು ತಿಳಿಯಲು ತೋಟದಿಂದ ಹೊರಗೆ, ಬಯಲುಸೀಮೆಯ ಕಡೆಗೆ ನೋಡಬೇಕಾಗುತ್ತದೆ. ನಮ್ಮ ಭಾಗದ ಅನೇಕ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಕಡೆಯಿಂದ ಕೆಲಸಗಾರರು ಬರುವುದು ಸದಸ್ಯರಿಗೆ ಗೊತ್ತೇ ಇದೆ. ಅವರನ್ನು ಗೊತ್ತುಮಾಡಲು ಆ ಕಡೆ ಹೋದಾಗಲೆಲ್ಲ ಇಳಕಲ್ಲಿನ ನೇಕಾರರ ಮನೆಗಳಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದು ನನ್ನ ರೂಢಿ.

ಇಳಕಲ್ ಸೀರೆಯನ್ನು ಹೆಚ್ಚಾಗಿ ನೇಯುವುದು ಕುಣಿ ಮಗ್ಗದಲ್ಲಿ, ಅಂದರೆ ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗದಲ್ಲಿ. ನೇಕಾರ ಕುಣಿಯ ಅಂಚಿಗೆ ಕುಳಿತು, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಕಾಲಿನಿಂದ ತುಳಿಯುತ್ತ, ಒಂದು ಕೈಯಿಂದ ಲಾಳಿಯ ಹಗ್ಗ ಎಳೆಯುತ್ತ, ಇನ್ನೊಂದು ಕೈಯಿಂದ ಹಣಿಗೆ ಬಡಿಯುತ್ತಾನೆ. ಬೆನ್ನಿಗೆ ಆಸರೆ ಇಲ್ಲ. ನೂಲಿನ ಎಳೆ ತುಂಡಾದರೆ ಹುಡುಕಿ ಗಂಟು ಹಾಕಲು ಮುಂದಕ್ಕೆ ಬಾಗಲೇಬೇಕು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವಂತೂ ಕಣ್ಣು ಮತ್ತು ಬೆನ್ನು ಎರಡನ್ನೂ ಬಗ್ಗಿಸುವಂತಹುದು. ಕಂಡಿಕೆ ಸುತ್ತುವ ಹೆಂಗಸರದೂ ನೆಲದ ಮೇಲೆ ಕೂತು ಮಾಡುವ ಕೆಲಸವೇ. ನಮ್ಮ ದೇಶದ ಕೈಮಗ್ಗ ನೇಕಾರರ ಕುರಿತು ನಡೆದ ಹಲವಾರು ಅಧ್ಯಯನಗಳಲ್ಲಿ ಮೊದಲ ಸಾಲಿನಲ್ಲಿ ಕಂಡುಬರುವ ದೂರು ನಡುನೋವೇ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕಾಲು ಇಳಿಬಿಡಲು ಕುಣಿ ಇರುವುದರಿಂದ ಕೂರುವ ಭಂಗಿ ಚಕ್ಕಳಮಕ್ಕಳ ಹಾಕಿ ಕೂರುವುದಕ್ಕಿಂತ ನಡುವಿಗೆ ಸುಲಭ. ಆದರೂ ನೋವು ಬರುತ್ತದೆ. ಏಕೆಂದರೆ ದೋಷ ಭಂಗಿಯೊಂದರದ್ದೇ ಅಲ್ಲ, ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ಏಳದೆ ಇರುವುದರದ್ದು. ಎರಡನೆಯದು, ನೇಕಾರನಿಗೆ ಕೂಲಿ ಸಿಗುವುದು ನೇಯ್ದ ಸೀರೆಯ ಲೆಕ್ಕದಲ್ಲಿ. ಎದ್ದರೆ ಲಾಳಿ ನಿಲ್ಲುತ್ತದೆ, ಲಾಳಿ ನಿಂತರೆ ಕೂಲಿ ನಿಲ್ಲುತ್ತದೆ. ಹೀಗಾಗಿ ಬೆನ್ನು ಬೇಡಿದಾಗ ಏಳುವ ಸ್ವಾತಂತ್ರ್ಯ ಅವನಿಗೆ ಕಡಿಮೆ.

ನಮ್ಮ ತೋಟಗಳಲ್ಲಿ

ಈಗ ನಮ್ಮ ಅಂಗಳಕ್ಕೆ ಬರೋಣ. ಹಸಿ ಅಡಿಕೆ ಸುಲಿಯುವ ಕಾಲದಲ್ಲಿ ಕತ್ತಿಯ ಮುಂದೆ ಕುಳಿತವರು ರಾತ್ರಿ ಹತ್ತು ಹನ್ನೊಂದರವರೆಗೆ ಬಾಗಿಕೊಂಡೇ ಇರುತ್ತಾರೆ. ಅಲ್ಲಿಯೂ ಕೂಲಿ ಸುಲಿದ ಅಡಿಕೆಯ ಅಳತೆಯ ಮೇಲೆ. ಹಾಗಾಗಿ ಏಳುವವರಿಲ್ಲ. ಕಾಫಿ ಕೊಯ್ಲಿನಲ್ಲಿ ಬಿದ್ದ ಹಣ್ಣು ಆಯುವವರ ನಡು ದಿನವಿಡೀ ನೆಲದ ಕಡೆಗೇ ಬಾಗಿರುತ್ತದೆ. ಮೂಟೆ ಹೊತ್ತು ಏರು ಹತ್ತುವವರ ಮಾತು ಬೇರೆ ಹೇಳಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ, ಬೆಳೆದ ಗಂಡಸು ಒಬ್ಬನೇ ಹೊರುವ ಭಾರ 55 ಕಿಲೋ ಮೀರಬಾರದೆಂದೂ ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಶಿಫಾರಸು ಮಾಡಿದೆ. ಒದ್ದೆ ಮೂಟೆ ಕಟ್ಟುವಾಗ ಈ ಲೆಕ್ಕ ನೆನಪಿರಲಿ.

ಇತ್ತೀಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಿಂದ ಮರ ಹತ್ತುವ ಅಪಾಯ ತಪ್ಪಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ದಿನವಿಡೀ ಕತ್ತು ಹಿಂದಕ್ಕೆ ಮಣಿಸಿ ಮೇಲೆ ನೋಡುವುದರಿಂದ ಕುತ್ತಿಗೆ ಮತ್ತು ಹೆಗಲು ಬಿಗಿಯುತ್ತವೆ. ರಾತ್ರಿ ದಿಂಬಿನ ಮೇಲೆ ತಲೆ ಯಾವ ಕಡೆ ಇಟ್ಟರೂ ನೆಮ್ಮದಿಯಿಲ್ಲವೆಂದು ದೋಟಿ ಹಿಡಿಯುವವರು ಹೇಳುವುದು ಇದಕ್ಕೇ.

ನೋವು ಮತ್ತು ನಿದ್ದೆಗೇಡು

ಬಾಗಿ ದುಡಿದ ಸ್ನಾಯುಗಳು ಮಲಗಿದೊಡನೆ ಸಡಿಲಗೊಳ್ಳುವುದಿಲ್ಲ. ಮಗ್ಗುಲಾದಾಗಲೆಲ್ಲ ನೋವು ಚುಚ್ಚಿ ನಿದ್ದೆ ಹಗುರವಾಗುತ್ತದೆ. ಇದು ಎಲ್ಲರಿಗೂ ಅನುಭವವಿರುವ ಮಾತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಮಾತಿದೆ: ನಿದ್ದೆ ಕಡಿಮೆಯಾದರೆ ನೋವು ತಾಳುವ ಶಕ್ತಿಯೇ ಕುಗ್ಗುತ್ತದೆ. ನಿನ್ನೆ ಸಹಿಸಿಕೊಂಡಿದ್ದ ನೋವೇ ಇಂದು ಸಹಿಸಲಾಗದಂತಾಗುತ್ತದೆ. ನೋವಿನಿಂದ ನಿದ್ದೆಗೇಡು, ನಿದ್ದೆಗೇಡಿನಿಂದ ಹೆಚ್ಚು ನೋವು, ಹೀಗೆ ಗಾಣ ಸುತ್ತುತ್ತದೆ. ನಡುವೆ ದಿನಕ್ಕೊಂದು ನೋವಿನ ಮಾತ್ರೆ ನುಂಗುವ ಅಭ್ಯಾಸ ಬೆಳೆಯುತ್ತದೆ. ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಬಹುಕಾಲ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ಹಾನಿ ಉಂಟಾಗಬಹುದು.

ನಿದ್ದೆಗೇಡಿನ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಸತತ 17 ಗಂಟೆ ಎಚ್ಚರವಾಗಿದ್ದವನ ಕೈ-ಕಣ್ಣುಗಳ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ಮೋಟಾರು ಕಾನೂನು ವಾಹನ ನಡೆಸುವವನಿಗೆ ಇಟ್ಟ ಮಿತಿ ಇದಕ್ಕಿಂತಲೂ ಕಡಿಮೆ, 0.03. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಅಡಿಕೆ ಸುಲಿಯುತ್ತಿರುವವನು ಎಚ್ಚರವಾಗಿ 18 ಗಂಟೆಯಾಯಿತು. ಅವನ ಬೆರಳ ಮುಂದೆ ಹರಿತವಾದ ಕತ್ತಿಯಿದೆ. ನಡುನೋವಿನಿಂದ ರಾತ್ರಿಯಿಡೀ ಹೊರಳಾಡಿದವನು ಮರುದಿನ ಐವತ್ತು ಅಡಿಯ ಮರ ಹತ್ತುತ್ತಾನೆ. ಮರದಿಂದ ಬಿದ್ದವರ ಸುದ್ದಿ ಪ್ರತಿ ಕೊಯ್ಲಿನಲ್ಲಿಯೂ ಕೇಳುತ್ತೇವೆ. ಕಾಲು ಜಾರಿತೆಂದು ಹೇಳಿ ಸುಮ್ಮನಾಗುತ್ತೇವೆ. ಹಿಂದಿನ ರಾತ್ರಿ ಅವನು ಎಷ್ಟು ಹೊತ್ತು ಮಲಗಿದ್ದನೆಂದು ಕೇಳುವವರಿಲ್ಲ.

ಹಾಸಿಗೆ ಹೇಗಿರಬೇಕು?

ನಡುನೋವಿದ್ದರೆ ಬರೀ ಹಲಗೆಯ ಮೇಲೆ ಮಲಗಬೇಕೆಂಬ ನಂಬಿಕೆ ಬಹಳ ಕಾಲದಿಂದ ಇದೆ. 2003ರಲ್ಲಿ ಸ್ಪೇನ್ ದೇಶದಲ್ಲಿ ಹಳೆಯ ನಡುನೋವಿನ 313 ಮಂದಿಗೆ ಗಟ್ಟಿ ಹಾಸಿಗೆ ಮತ್ತು ಮಧ್ಯಮ ಗಡಸಿನ ಹಾಸಿಗೆಗಳನ್ನು ಹಂಚಿ 90 ದಿನ ನೋಡಲಾಯಿತು. ಮಧ್ಯಮ ಗಡಸಿನ ಹಾಸಿಗೆಯವರಿಗೇ ಮಲಗಿದಾಗಿನ ಮತ್ತು ಏಳುವಾಗಿನ ನೋವು ಹೆಚ್ಚು ಕಡಿಮೆಯಾಯಿತು. ಕಾರಣ ಸರಳ. ಬರೀ ನೆಲದ ಮೇಲೆ ಮಗ್ಗುಲಾಗಿ ಮಲಗಿದರೆ ಭುಜ ಮತ್ತು ಸೊಂಟದ ಮೂಳೆ ಒತ್ತಿ, ನಡು ಆಸರೆಯಿಲ್ಲದೆ ತೂಗುತ್ತದೆ. ತೀರ ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಹೂತು ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ.

ಬಾಗಲಕೋಟೆ ಕಡೆಯ ಮನೆಗಳಲ್ಲಿ ಈ ಎರಡಕ್ಕೂ ಉದಾಹರಣೆಯಿದೆ. ಅಲ್ಲಿಯ ಹೊರಸಿನ ಹಗ್ಗ ಬಿಗಿಯಾಗಿದ್ದಾಗ ಮಲಗಲು ಹಿತ. ಹಗ್ಗ ಸಡಿಲಾಗಿ ಜೋತುಬಿದ್ದರೆ ಬೆನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಅದೇ ಜನ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಕೌದಿಯನ್ನು ಎರಡು ಮೂರು ಮಡಿಕೆ ಮಾಡಿ, ಸಮತಟ್ಟಾದ ನೆಲ ಅಥವಾ ಹಲಗೆಯ ಮೇಲೆ ಹಾಸಿದರೆ ತಕ್ಕಮಟ್ಟಿಗೆ ಗಡಸೂ ತಕ್ಕಮಟ್ಟಿಗೆ ಮೆತ್ತಗೂ ಆದ ಹಾಸಿಗೆ ಸಿದ್ಧವಾಗುತ್ತದೆ. ಸಾವಿರಾರು ರೂಪಾಯಿಯ ಜಾಹೀರಾತಿನ ಹಾಸಿಗೆಯೇ ಆಗಬೇಕೆಂದಿಲ್ಲ. ನಮ್ಮ ಮನೆಗಳ ಹತ್ತಿ ಹಾಸಿಗೆ ನಡುವೆ ತಗ್ಗುಬಿದ್ದಿದ್ದರೆ ಬಿಚ್ಚಿ ಹಿಂಜಿಸಿ ಸಮಮಾಡಿಸತಕ್ಕದ್ದು.

ಮಲಗುವ ಮತ್ತು ಏಳುವ ಕ್ರಮ

1. ಮಗ್ಗುಲಾಗಿ ಮಲಗುವವರು ಮಂಡಿಗಳನ್ನು ಸ್ವಲ್ಪ ಮಡಚಿ, ಎರಡೂ ಮಂಡಿಗಳ ನಡುವೆ ಒಂದು ದಿಂಬು ಅಥವಾ ಮಡಿಸಿದ ಕಂಬಳಿ ಇಟ್ಟುಕೊಳ್ಳಬೇಕು. ಮೇಲಿನ ಕಾಲು ಕೆಳಗೆ ಬಿದ್ದು ನಡುವನ್ನು ತಿರುಚುವುದು ಇದರಿಂದ ತಪ್ಪುತ್ತದೆ.

2. ಅಂಗಾತ ಮಲಗುವವರು ಮಂಡಿಗಳ ಕೆಳಗೆ ದಿಂಬು ಇಟ್ಟುಕೊಂಡರೆ ನಡು ಸಡಿಲಾಗುತ್ತದೆ. ಗೊರಕೆ ಹೊಡೆಯುವವರಿಗೆ ಅಂಗಾತ ಒಳ್ಳೆಯದಲ್ಲ, ಮಗ್ಗುಲೇ ಲೇಸು. ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುವವರು ವೈದ್ಯರಿಗೆ ತೋರಿಸಬೇಕು.

3. ಬೋರಲು ಮಲಗಿದರೆ ಉಸಿರಾಡಲು ಕುತ್ತಿಗೆಯನ್ನು ಒಂದು ಕಡೆಗೆ ಪೂರ್ತಿ ತಿರುಗಿಸಬೇಕಾಗುತ್ತದೆ. ದೋಟಿ ಹಿಡಿಯುವವರು ಇದನ್ನು ಬಿಡುವುದೇ ಮೇಲು.

4. ದಿಂಬು ತಲೆಯನ್ನು ಬೆನ್ನಿನ ಸಾಲಿನಲ್ಲಿ ಇಡುವಷ್ಟು ಎತ್ತರವಿದ್ದರೆ ಸಾಕು. ಮಗ್ಗುಲಾದಾಗ ಕಿವಿಗೂ ಭುಜದ ಅಂಚಿಗೂ ನಡುವಿನ ಜಾಗ ತುಂಬುವಷ್ಟು. ಅಂಗಾತವಾದರೆ ಅದಕ್ಕಿಂತ ತೆಳುವಾಗಿ.

5. ನಿದ್ದೆಯಲ್ಲಿ ಎಲ್ಲರೂ ಹಲವು ಬಾರಿ ಹೊರಳುತ್ತಾರೆ. ಅದು ಸಹಜ, ಬೆನ್ನಿಗೆ ಒಳ್ಳೆಯದೂ ಹೌದು. ರಾತ್ರಿಯಿಡೀ ಒಂದೇ ಭಂಗಿಯಲ್ಲಿರಬೇಕೆಂದು ಚಿಂತಿಸಿ ನಿದ್ದೆ ಕೆಡಿಸಿಕೊಳ್ಳಬಾರದು.

6. ಏಳುವಾಗ ಅಂಗಾತದಿಂದ ಸರ್ರನೆ ಎದ್ದು ಕೂರದೆ, ಮೊದಲು ಮಗ್ಗುಲಾಗಿ, ಕೈಯೂರಿ, ಕಾಲು ಇಳಿಸಿ ಏಳಬೇಕು. ರಾತ್ರಿ ನೀರು ಕುಡಿದು ಉಬ್ಬಿದ ಡಿಸ್ಕು ಬೆಳಗ್ಗೆ ಬಿಗಿಯಾಗಿರುತ್ತದೆ. ಆ ಹೊತ್ತಿನಲ್ಲಿ ಬಾಗಿದರೆ ಅದಕ್ಕೆ ಪೆಟ್ಟು ಹೆಚ್ಚು. ಹಳೆಯ ನಡುನೋವಿನವರು ಎದ್ದ ಮೊದಲ ಎರಡು ಗಂಟೆ ಬಾಗುವುದನ್ನು ತಪ್ಪಿಸಿದರೆ ನೋವಿನ ದಿನಗಳು ಕಡಿಮೆಯಾಗುತ್ತವೆಂದು 1998ರಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಅಂಗಳ ಗುಡಿಸುವುದು, ಸಗಣಿ ಬಾಚುವುದು ನಮ್ಮಲ್ಲಿ ಎದ್ದೊಡನೆ ಮಾಡುವ ಕೆಲಸಗಳು, ಅದೂ ಹೆಂಗಸರ ಪಾಲಿನವು. ನಡುನೋವಿರುವವರಿದ್ದರೆ ಮನೆಯ ಬೇರೆಯವರು ಆ ಕೆಲಸ ವಹಿಸಿಕೊಳ್ಳಲಿ, ಇಲ್ಲವೇ ಉದ್ದ ಹಿಡಿಯ ಪೊರಕೆ ತರಲಿ.

ಹಗಲಿನಲ್ಲಿ ಮಾಡಬಹುದಾದ್ದು

ಒಂದೇ ಸರಿಯಾದ ಭಂಗಿ ಎಂಬುದಿಲ್ಲ. ಒಂದು ಭಂಗಿಯಿಂದ ಇನ್ನೊಂದಕ್ಕೆ ಬದಲಾಗುತ್ತಿರುವುದೇ ಮುಖ್ಯ. ಸುಲಿಯುವವರು ಅರ್ಧ, ಮುಕ್ಕಾಲು ಗಂಟೆಗೊಮ್ಮೆ ಎದ್ದು ನಿಂತು, ಕೈಗಳನ್ನು ಸೊಂಟಕ್ಕೆ ಕೊಟ್ಟು ನಾಲ್ಕಾರು ಬಾರಿ ಹಿಂದಕ್ಕೆ ಬಾಗಿ, ಎರಡು ನಿಮಿಷ ಅಂಗಳದಲ್ಲಿ ಅಡ್ಡಾಡಿ ಬರಲಿ. ಅಳತೆಯ ಮೇಲೆ ಕೂಲಿಯಿರುವ ಕಡೆ ತಾನಾಗಿ ಯಾರೂ ಏಳುವುದಿಲ್ಲವಾದ್ದರಿಂದ ಯಜಮಾನನೇ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಬೇಕು. ಎಲ್ಲರೂ ಎದ್ದರೆ ಯಾರಿಗೂ ಹಿಂದೆ ಬಿದ್ದೆನೆಂಬ ಸಂಕಟವಿಲ್ಲ. ಕೂರುವ ಮಣೆ ಸ್ವಲ್ಪ ಎತ್ತರವಿದ್ದು ಬೆನ್ನಿನ ಹಿಂದೆ ಗೋಡೆಯಾದರೂ ಆಸರೆಯಿದ್ದರೆ ಒಳ್ಳೆಯದು. ದೋಟಿ ಹಿಡಿಯುವವರು ಇಬ್ಬರಿದ್ದು ಸರದಿಯಲ್ಲಿ ಮಾಡಲಿ. ರಾತ್ರಿ ಒಂಬತ್ತಕ್ಕೆ ಕತ್ತಿ ಎತ್ತಿಡುವ ನಿಯಮ ಮಾಡಿಕೊಂಡರೆ ಬಹಳ ಒಳ್ಳೆಯದು. ಉಳಿದದ್ದಕ್ಕೆ ಸುಲಿಯುವ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಬಾಡಿಗೆಗೆ ತರಬಹುದು. ನಾವು ಕಾಫಿ ಬೆಳೆಯುವವರೇ ಹೇಳಬೇಕಾದ ಮಾತು: ಸುಲಿಯುವವರಿಗೆ ರಾತ್ರಿ ಕಾಫಿ ಕೊಟ್ಟರೆ ಅದರ ಎಚ್ಚರ ಹಾಸಿಗೆಯವರೆಗೂ ಹಿಂಬಾಲಿಸುತ್ತದೆ.

ನಡು ಹಿಡಿದಾಗ ವಾರಗಟ್ಟಲೆ ಮಲಗಿರುವುದೂ ಸರಿಯಲ್ಲ. ಎರಡು ದಿನ ಮಲಗಿದವರೂ ಏಳು ದಿನ ಮಲಗಿದವರೂ ಒಂದೇ ರೀತಿ ಗುಣವಾದರೆಂದು 1986ರಷ್ಟು ಹಿಂದೆಯೇ ಅಮೆರಿಕದ ವೈದ್ಯರು ತೋರಿಸಿದ್ದಾರೆ. ನೋವಿನ ಮಿತಿಯೊಳಗೆ ಓಡಾಡುತ್ತಿರುವುದೇ ಉತ್ತಮ.

ಲೈನ್ ಮನೆಗಳ ವಿಷಯ

ಬಾದಾಮಿ, ಹುನಗುಂದ ಕಡೆಯಿಂದ ಬಂದವರು ಬಿಸಿಲುನಾಡಿನವರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿ ಮಲಗುವ ರೂಢಿ ಅವರದು. ಡಿಸೆಂಬರ್ ಜನವರಿಯ ಚಳಿಯಲ್ಲಿ ನಮ್ಮ ಲೈನ್ ಮನೆಯ ಸಿಮೆಂಟು ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿದರೆ ಹಗಲಿನ ಬಿಗಿ ರಾತ್ರಿ ಕಳೆಯುವುದು ಹೇಗೆ? ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಅಥವಾ ಅಡಿಕೆ ದಬ್ಬೆಯ ಅಟ್ಟಣೆ, ಅದರ ಮೇಲೆ ಚಾಪೆ, ತಲೆಗೊಂದು ದಿಂಬು, ಮೈಗೊಂದು ಕಂಬಳಿ: ಇಷ್ಟನ್ನು ಒದಗಿಸುವುದು ಸಣ್ಣ ಬೆಳೆಗಾರನಿಗೂ ಹೊರೆಯಲ್ಲ. ದಬ್ಬೆಯಂತೂ ತೋಟದಲ್ಲೇ ಇದೆ. ಇದನ್ನು ದಾನವೆಂದು ತಿಳಿಯಬಾರದು. ಮರುದಿನ ನಮ್ಮ ತೋಟದಲ್ಲಿ ದುಡಿಯುವ ಬೆನ್ನು ಅದು.

ವೈದ್ಯರನ್ನು ಯಾವಾಗ ಕಾಣಬೇಕು?

ಹೆಚ್ಚಿನ ನಡುನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಯ ಸಂದು ಅಥವಾ ಗುದದ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರದಿಂದ ಬಿದ್ದ ಮೇಲೆ ಬೆನ್ನು ನೋವೆಂದವರನ್ನು ಎತ್ತಿ ಕೂರಿಸದೆ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಮಲಗಿದರೂ ಇಳಿಯದ ರಾತ್ರಿಯ ನೋವು, ಜೊತೆಗೆ ಸಂಜೆಯ ಜ್ವರ, ಮೈ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು, ತಡಮಾಡಬಾರದು. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ ಅದು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಸಾಲ, ಧಾರಣೆ, ಮಕ್ಕಳ ಓದು ಇವುಗಳ ಚಿಂತೆಯೂ ನಿದ್ದೆಯನ್ನೂ ಬೆನ್ನನ್ನೂ ಕಾಡುತ್ತದೆ. ಅದಕ್ಕೆ ದಿಂಬಿನಲ್ಲಿ ಮದ್ದಿಲ್ಲ. ಆದರೆ ಭಂಗಿಯ ಮಟ್ಟಿಗೆ ನಮ್ಮ ಕೈಯಲ್ಲಿರುವುದನ್ನು ಮಾಡಿಕೊಳ್ಳಲು ಯಾರ ಮಂಜೂರಾತಿಯೂ ಬೇಕಾಗಿಲ್ಲ. ಈ ಸಲದ ಕೊಯ್ಲು ಶುರುವಾಗುವ ಮೊದಲು ಸದಸ್ಯರೆಲ್ಲರೂ ಮೂರು ಕೆಲಸ ಮಾಡಬೇಕಾಗಿ ಕೋರಿಕೆ: ಮನೆಯ ಹಾಸಿಗೆಗಳ ತಗ್ಗು ಸರಿಪಡಿಸುವುದು, ಲೈನ್ ಮನೆಗೆ ಅಟ್ಟಣೆ ಹಾಕಿಸುವುದು, ಸುಲಿಯುವ ಕತ್ತಿಗೆ ರಾತ್ರಿ ಒಂಬತ್ತರ ಗಡುವು ಇಡುವುದು. ಮಾಡಿ ನೋಡಿದವರು ತಮ್ಮ ಅನುಭವವನ್ನು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.

— ಕಾರ್ಯದರ್ಶಿ